ಹೋಬಳಿಗೊಬ್ಬ ಕೋಚ್ ಬೇಡವೇ?

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ನಮ್ಮ ಕುಂದೂರು ಕಡೆಯ ಮಕ್ಕಳಿಗೆ ಅಭ್ಯಾಸ ಶುರು. ಕೂಟ ಮುಗಿದ ಮಾರನೇ ದಿನ ಅಭ್ಯಾಸವೂ ಬಂದ್. ಓಡುವ ಕಾಲುಗಳಿವೆ, ವರ್ಷವಿಡೀ ತಿದ್ದುವವರಿಲ್ಲ.

ಮಳೆಯ ನೆಪ ಹೇಳುತ್ತೇವೆ. ಲಡಾಖ್ ನೋಡಿ. ಅಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಹಾಕಿ ಆಡುತ್ತಾರೆ. ಆಡುವಷ್ಟು ಗಟ್ಟಿ ಮಂಜುಗಡ್ಡೆ ಸಿಗುವುದು ಚಳಿಗಾಲದ ಎರಡು ತಿಂಗಳು ಮಾತ್ರ. ಆದರೂ ಬಹುಪಾಲು ಲಡಾಖಿನ ಹುಡುಗಿಯರೇ ಇದ್ದ ಭಾರತ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ನಮ್ಮ ಮೈದಾನ ಅದಕ್ಕಿಂತ ಹೆಚ್ಚು ದಿನ ಒಣಗಿರುತ್ತದೆ.

ಅಷ್ಟು ದೂರವೂ ಬೇಡ, ಪಕ್ಕದ ಕೊಡಗನ್ನೇ ನೋಡೋಣ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್‌ನಲ್ಲಿ ಹಾಕಿ ಆಡಿದರು. ಟೋಕಿಯೋದಲ್ಲಿ ನಾಲ್ಕನೇ ಸ್ಥಾನ ಪಡೆದ ಮಹಿಳಾ ಹಾಕಿ ತಂಡದ ಸಹಾಯಕ ಕೋಚ್ ಕೊಡಗಿನ ಅಂಕಿತಾ ಸುರೇಶ್. ಬೆಂಗಳೂರಿನ ಜೂಡ್ ಫೆಲಿಕ್ಸ್ ಭಾರತದ ನಾಯಕರಾಗಿದ್ದವರು. ಆಟ ಬಿಟ್ಟ ಮೇಲೆ ಸಿಂಗಪುರ ತಂಡಕ್ಕೆ ಕೋಚ್ ಆದರು, 2009ರಲ್ಲಿ ಬಡ ಮಕ್ಕಳಿಗಾಗಿ ಹಾಕಿ ಅಕಾಡೆಮಿ ತೆರೆದರು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಅಂದರೆ ಕೋಚ್ ಆಗುವುದೂ ಒಂದು ವೃತ್ತಿ. ತಾಲ್ಲೂಕು, ಜಿಲ್ಲಾ ತಂಡದಲ್ಲಿ ಆಡಿ, ರಾಜ್ಯ ತಂಡ ಸಿಗದೆ ತೋಟದ ಕೆಲಸಕ್ಕೋ ಬೆಂಗಳೂರಿಗೋ ಹೋದ ಯುವಕ ಯುವತಿಯರು ನಮ್ಮಲ್ಲೂ ಇದ್ದಾರೆ. ಅವರ ಆಟ ಅಲ್ಲಿಗೇ ಮುಗಿಯಬೇಕಾಗಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚಿಂಗ್ ಡಿಪ್ಲೊಮಾ ಕೊಡುತ್ತದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ.

ಆದರೆ ಕಲಿತು ಬಂದವರಿಗೆ ಹಳ್ಳಿಯಲ್ಲಿ ಕೆಲಸ ಎಲ್ಲಿದೆ? ಈಗ ಎಲ್ಲ ಭಾರವೂ ಶಾಲೆಯ ಪಿ.ಟಿ. ಮೇಷ್ಟ್ರ ಮೇಲೆ. ಅವರೇ ಪರೇಡ್ ಮಾಡಿಸಬೇಕು, ಶಿಸ್ತು ನೋಡಬೇಕು, ಚುನಾವಣೆ ಬಂದರೆ ಆ ಕೆಲಸಕ್ಕೂ ಹೋಗಬೇಕು. ಸಂಜೆ ಎರಡು ಗಂಟೆ ಮೈದಾನದಲ್ಲಿ ನಿಲ್ಲುವವರು ಬೇರೆಯೇ ಬೇಕು. ಹೋಬಳಿಗೊಬ್ಬ ಕೋಚ್ ನೇಮಿಸಿ, ಪ್ರತಿ ತಿಂಗಳು ಸಂಬಳ ಕೊಡಿ ಎಂದು ನಾವು ಸರ್ಕಾರವನ್ನು ಕೇಳುತ್ತೇವೆ.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರುವುದೂ ಬೇಡ. ಊರೂರಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಟೂರ್ನಿ ನಡೆಯುತ್ತವೆ. ಫ್ಲೆಕ್ಸು, ಮೈಕು, ಎತ್ತರದ ಟ್ರೋಫಿಗೆ ಹಣ ಹೊಂದಿಸುವ ನಾವು ಅದರಲ್ಲಿ ಒಂದು ಪಾಲನ್ನು ಒಬ್ಬ ಕೋಚ್‌ನ ಗೌರವಧನಕ್ಕೆ ತೆಗೆದಿಡಲಾರೆವೇ? ಟೂರ್ನಿ ಎರಡೇ ದಿನದಲ್ಲಿ ಮುಗಿಯುತ್ತದೆ, ಕೋಚ್ ಇದ್ದರೆ ಮಕ್ಕಳು ವರ್ಷವಿಡೀ ಕಲಿಯುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜೊತೆ ಈ ಮಾತನ್ನೂ ಎತ್ತಿ. ಹುಡುಗಿಯರ ಪೋಷಕರೂ ಬನ್ನಿ. ನಾವೂ ಬರುತ್ತೇವೆ.