ಮಾವನ ಲಾರಿಯ ಡ್ಯಾಶ್‌ಬೋರ್ಡು ಮತ್ತು ನನ್ನ ಜಾಣತನ

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಬರೆದ್ರೆ ನನ್ನ ಮಾನವೇ ಹೋಗುತ್ತಲ್ಲ ಅಂತ ಮುಂದಕ್ಕೆ ಹಾಕ್ತಾ ಬಂದೆ. ಮೊನ್ನೆ ಆಫೀಸಿನಲ್ಲಿ ಒಂದು ಮೀಟಿಂಗು. ನಮ್ಮ ಸಾಫ್ಟ್‌ವೇರಿನಲ್ಲಿ 'ಸೇವ್' ಬಟನ್ನು ಎಡಗಡೆ ಇದೆ, ಬಲಕ್ಕೆ ಹಾಕಿದ್ರೆ ಪರದೆ ಚೆನ್ನಾಗಿ ಕಾಣುತ್ತೆ ಅಂತ ಒಬ್ಬರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೊಬ್ಬ ಬೇಡ ಅಂದೆ. ಯಾಕೆ ಅಂತ ಕೇಳಿದ್ರು. "ನಮ್ಮ ಮಾವನ ಲಾರಿ..." ಅಂತ ಬಾಯಿವರೆಗೂ ಬಂತು, ನುಂಗಿಕೊಂಡೆ. ಅಲ್ಲಿ ಹೇಳದೇ ಇದ್ದದ್ದನ್ನ ಇಲ್ಲಿ ಹೇಳ್ತೀನಿ.

ಮಾವ ಅಂದ್ರೆ ಅಮ್ಮನ ಅಣ್ಣ. ಅರಸೀಕೆರೆ ಕಡೆಯವರು. ಅವರ ಹತ್ರ 1990ರ ದಶಕದ ಒಂದು ಲಾರಿ ಇದೆ, ಬಾನೆಟ್ಟು ಮೂತಿ ಥರ ಮುಂದಕ್ಕೆ ಚಾಚಿಕೊಂಡಿರುತ್ತಲ್ಲ, ಆ ಜಾತಿದು. ತೆಂಗಿನಕಾಯಿ, ಕೊಬ್ಬರಿ ಸಾಗಿಸ್ತಾರೆ. ಆ ಕಾಲದ ಬಹಳಷ್ಟು ಲಾರಿಗಳು ಫ್ಯಾಕ್ಟರಿಯಿಂದ ಪೂರ್ತಿ ತಯಾರಾಗಿ ಬರ್ತಿರಲಿಲ್ಲ. ಚಾಸಿ, ಇಂಜಿನ್ನು, ಬಾನೆಟ್ಟು, ಅದರ ಹಿಂದೆ ಸ್ಟೀರಿಂಗು ಮೀಟರುಗಳಿರೋ ಒಂದು ತಗಡಿನ ಗೋಡೆ, ಅಷ್ಟೇ. ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲು ಗಾಳಿಯಲ್ಲಿ ಬರೀ ಚಾಸಿ ಓಡಿಸಿಕೊಂಡು ಹೋಗೋ ಡ್ರೈವರುಗಳನ್ನ ಹೈವೇಯಲ್ಲಿ ನೀವೂ ನೋಡಿರ್ತೀರಿ. ಅದನ್ನ ನಾಮಕ್ಕಲ್ಲಿಗೋ ಇನ್ನೆಲ್ಲಿಗೋ ಒಯ್ದು ಮರ, ತಗಡು ಹಾಕಿ ಕ್ಯಾಬಿನ್ ಕಟ್ಟಿಸಬೇಕಿತ್ತು. ಹಾಗಾಗಿ ಒಂದೇ ಮಾಡೆಲ್ಲಿನ ಎರಡು ಹಳೇ ಲಾರಿ ಹತ್ತಿ ಕೂತ್ರೆ ಒಳಗಡೆ ಎರಡು ಬೇರೆ ಬೇರೆ ಮನೆಗೆ ಹೋದ ಹಾಗಿರುತ್ತೆ. (ಈಗಿನವು ಬೇರೆ ಬಿಡಿ, 2025ರ ಅಕ್ಟೋಬರ್‌ನಿಂದ ತಯಾರಾಗೋ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕೂಡ ಕಡ್ಡಾಯ. ಮಾವನಿಗೆ ಹೇಳಿದ್ರೆ "ಬಾಗಿಲಿಗೆ ಗಾಜೇ ಏರಲ್ಲ, ಎಸಿಯಂತೆ" ಅಂದ್ರು.)

ಅದರ ಮೇಲೆ ಮೂವತ್ತು ವರ್ಷದಲ್ಲಿ ಎಷ್ಟು ಜನ ಎಲೆಕ್ಟ್ರಿಷಿಯನ್‌ಗಳು ಕೈ ಹಾಕಿದ್ದಾರೋ! ಹೆಡ್‌ಲೈಟಿಗೆ ಎಳೆಯೋ ನಾಬು ಎಡಗಡೆ. ವೈಪರಿಗೆ ತಿರುಗಿಸೋ ನಾಬು ಬಲತುದಿಯಲ್ಲಿ. ಫ್ಯಾನಿಂದು ನೆತ್ತಿ ಮೇಲೆ, ಮನೆಗೆ ಹಾಕೋ ಪಿಯಾನೋ ಸ್ವಿಚ್ಚು. ಡಿಮ್ಮು-ಡಿಪ್ಪು ಎಡಗಾಲಲ್ಲಿ ಒತ್ತೋದು, ಮಣ್ಣು ನೀರು ಹೋಗಿ ಆಗಾಗ ಕಚ್ಚಿಕೊಳ್ಳುತ್ತೆ. ಇದೆಲ್ಲದರ ನಡುವೆ ನಾಲ್ಕು ಬೆರಳು ಅಂತರದಲ್ಲಿ ಎರಡು ಕಪ್ಪು ಗುಂಡಿ. ಒಂದು ಹ್ಯಾಂಡ್ ಆಕ್ಸಲರೇಟರ್, ಚಳಿಯಲ್ಲಿ ಇಂಜಿನ್ ಬಿಸಿಯಾಗೋವರೆಗೆ ಎಳೆದಿಡೋಕೆ. ಇನ್ನೊಂದು ಸ್ಟಾಪ್ ನಾಬು.

ಕಾರು ಮಾತ್ರ ಓಡಿಸಿ ಗೊತ್ತಿರೋರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಒಳಗಿನ ಗಾಳಿ ಒತ್ತಡಕ್ಕೆ ಕಾದು ಡೀಸೆಲ್ ತಾನೇ ಹತ್ತಿಕೊಳ್ಳುತ್ತೆ. ಹಾಗಾಗಿ ಇಂಥ ಲಾರಿಯಲ್ಲಿ ಕೀ ತಿರುಗಿಸಿದ್ರೂ ಇಂಜಿನ್ ನಿಲ್ಲಲ್ಲ. ಸ್ಟಾಪ್ ನಾಬು ಎಳೆದ್ರೆ ಅದರ ಕೇಬಲ್ಲು ಪಂಪಿನಲ್ಲಿ ಡೀಸೆಲ್ ಕಟ್ ಮಾಡುತ್ತೆ, ಆಗ ನಿಲ್ಲುತ್ತೆ. ಇಂಥ ಎರಡು ಗುಂಡಿ, ಒಂದು ಇಂಜಿನ್ನನ್ನ ಜೋರು ಮಾಡೋದು, ಇನ್ನೊಂದು ಸಾಯಿಸೋದು, ಅಕ್ಕಪಕ್ಕ, ಒಂದೇ ರೂಪ.

ಒಂದ್ಸಲ ಮಾವನಿಗೆ ಹುಷಾರಿಲ್ಲ ಅಂತ ಬದಲಿ ಡ್ರೈವರ್ ಒಬ್ಬ ಲೋಡ್ ತಗೊಂಡು ಹೋಗಿದ್ದ. ಏರಿನಲ್ಲಿ ಕಾಲು ನೋಯುತ್ತೆ ಅಂತ ಹ್ಯಾಂಡ್ ಆಕ್ಸಲರೇಟರ್ ಎಳೆಯೋಕೆ ಹೋಗಿ ಸ್ಟಾಪ್ ಎಳೆದ. ತುಂಬಿದ ಲಾರಿ ಏರಿನ ಮಧ್ಯ ನಿಂತೇ ಹೋಯ್ತು. ಕ್ಲೀನರ್ ಹುಡುಗ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ಏನೂ ಆಗಲಿಲ್ಲ. ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿಕೊಂಡು ಬರೋ ಚಟದವನ ಕೈಲಿ ಹೀಗಾಗಿದ್ರೆ ಕಥೆ ಬೇರೆ. ಇಂಜಿನ್ ನಿಂತ್ರೆ ಏರ್ ಬ್ರೇಕಿಗೆ ಗಾಳಿ ತುಂಬೋ ಕಂಪ್ರೆಸರೂ ನಿಲ್ಲುತ್ತೆ, ಬ್ರೇಕ್ ಒತ್ತಿ ಒತ್ತಿ ಟ್ಯಾಂಕಿನ ಗಾಳಿ ಖಾಲಿಯಾಗುತ್ತೆ.

ಆಮೇಲೆ ಮಾವ ನನಗೆ ಫೋನ್ ಮಾಡಿದ್ರು. "ಇಂಜಿನಿಯರ್ ಓದಿದೀಯಲ್ಲೋ, ಆ ಎರಡು ಗುಂಡಿದು ಏನಾರ ಮಾಡೋ."

ಕೇಳಿದ್ದು ಇಷ್ಟೇ. ಎರಡು ಗುಂಡಿ. ನಾನು ಮಾಡಿದ್ದು ಏನು ಗೊತ್ತಾ? ಇಡೀ ಡ್ಯಾಶ್‌ಬೋರ್ಡನ್ನೇ ಕಿತ್ತೆ. ಸಾಫ್ಟ್‌ವೇರ್ ಮಂದಿಗೆ ಇದು ಹೊಸದಲ್ಲ, ಒಂದು ಬಗ್ ಹೇಳಿದ್ರೆ ಇಡೀ ಪರದೆ ಬದಲಾಯಿಸಿ ಕೊಡೋರು ನಾವು :) ಬೆಂಗಳೂರಲ್ಲಿ ಎರಡಡಿ ಅಲ್ಯುಮಿನಿಯಂ ತಗಡು ಕಟ್ ಮಾಡಿಸಿದೆ. ಎಂಟು ಟಾಗಲ್ ಸ್ವಿಚ್ಚು, ಸಮ ಅಂತರದಲ್ಲಿ, ಸೈನಿಕರ ಹಾಗೆ ಸಾಲಾಗಿ. ಕೆಳಗೆ ಕನ್ನಡದಲ್ಲಿ ಅಂದವಾದ ಅಕ್ಷರ. ಸ್ಟಾಪ್ ಮತ್ತು ಹ್ಯಾಂಡ್ ಆಕ್ಸಲರೇಟರಿಗೆ ಒಂದೇ ಥರದ ಎರಡು ಹೊಸ ಕ್ರೋಮ್ ನಾಬು, ಅದಕ್ಕೂ ಹೆಸರು. ಹೆಸರು ಬರೆದ ಮೇಲೆ ಸಮಸ್ಯೆ ಮುಗೀತಲ್ಲ ಅಂತ ನನ್ನ ಲೆಕ್ಕ.

ಕೆಲಸ ಶುರು ಮಾಡಿದ ಮೇಲೆ ಗೊತ್ತಾಯ್ತು, ಲಾರಿಯಲ್ಲಿ ಏನನ್ನಾದ್ರೂ ಜರುಗಿಸೋದು ಪರದೆ ಮೇಲೆ ಎಳೆದು ಬಿಟ್ಟ ಹಾಗಲ್ಲ. ಅದರ ಗಾಳಿ ಒತ್ತಡದ ಮೀಟರಿಗೆ ವೈರಲ್ಲ, ನಿಜವಾದ ಗಾಳಿ ಪೈಪೇ ಬಂದಿರುತ್ತೆ. ಆಯಿಲ್ ಪ್ರೆಷರ್ ಮೀಟರಿಗೂ ಹಾಗೇ, ಸಣ್ಣ ಕೊಳವೆಯಲ್ಲಿ ಬಿಸಿ ಆಯಿಲ್ಲು. ಬಗ್ಗಿಸೋಕೆ ಹೋಗಿ ಸೀಳಿದ್ರೆ ತೊಡೆ ಮೇಲೆ ಅಭಿಷೇಕ. ಸ್ಟಾಪ್ ಕೇಬಲ್ಲನ್ನ ಮೊಣಕೈ ಥರ ಮಡಚಿದ್ರೆ ಒಳಗಿನ ತಂತಿ ಕಚ್ಚಿಕೊಂಡು ಎಳೆದ್ರೂ ಬರಲ್ಲ. ಹೆಡ್‌ಲೈಟಿನ ಸ್ವಿಚ್ಚನ್ನ ದೂರಕ್ಕೆ ಒಯ್ದ್ರೆ ವೈರು ಉದ್ದವಾಗಿ ಬೆಳಕು ಮಂಕಾಗುತ್ತೆ, ಅದಕ್ಕೆ ರಿಲೇ ಹಾಕಬೇಕು, ಆಗ ಸ್ವಿಚ್ಚಿಗೆ ಸಣ್ಣ ಕರೆಂಟು ಸಾಕು. ತಗಡಿನ ತೂತಿಗೆ ರಬ್ಬರ್ ಬುಶ್ ಹಾಕದೇ ವೈರ್ ತೂರಿಸಿದ್ರೆ ಅದುರಿ ಅದುರಿ ಇನ್ಸುಲೇಷನ್ ಸವೆದು ಒಂದಿನ ಶಾರ್ಟು. ಇದೆಲ್ಲ ಕೇಳಿ ತಿಳ್ಕೊಂಡು ಸರಿಯಾಗೇ ಮಾಡಿದೆ. ವೈರಿಂಗಿನಲ್ಲಿ ಇವತ್ತಿಗೂ ಒಂದು ತಪ್ಪು ಹುಡುಕಿ ನೋಡೋಣ. ತಪ್ಪಿದ್ದದ್ದು ಬೇರೆ ಕಡೆ.

ಹತ್ತು ದಿನ ಮಾವ ಏನೂ ಅನ್ನಲಿಲ್ಲ. ಹಗಲು ಹೊತ್ತು, ಅಕ್ಷರ ನೋಡಿಕೊಂಡು ಒತ್ತುತ್ತಿದ್ರು. ಜುಲೈ ತಿಂಗಳು, ಮಂಗಳೂರಿಗೆ ಕಾಯಿ ಲೋಡು. ನನ್ನ ಕೆಲಸ ನೋಡೋ ಚಪಲಕ್ಕೆ ನಾನೂ ಹತ್ತಿದೆ. ಸಕಲೇಶಪುರ ದಾಟೋವಾಗ ರಾತ್ರಿ ಹತ್ತಾಗಿತ್ತು. ಶಿರಾಡಿ ಘಾಟಿ ಇಳೀತಿದ್ವಿ. ಮಳೆ ನಿಂತ ಹಾಗಾಗಿ ವೈಪರ್ ಆಫ್ ಮಾಡಿದ್ರು, ಎರಡು ತಿರುವು ಕಳೆದು ಒಮ್ಮೆಲೇ ಸುರೀತು. ಮಾವನ ಕಣ್ಣು ರಸ್ತೆ ಮೇಲೆ. ಕೈ ತಾನಾಗಿ ಬಲತುದಿಗೆ ಹೋಯ್ತು. ಮೂವತ್ತು ವರ್ಷ ವೈಪರ್ ಇದ್ದ ಜಾಗ ಅದು. ಈಗ ಅಲ್ಲಿ ಇದ್ದದ್ದು ಹೆಡ್‌ಲೈಟಿನ ಸ್ವಿಚ್ಚು.

ಕತ್ತಲೆ ಅಂದ್ರೆ ಹೇಗೆ ಹೇಳಲಿ... ಗಾಜಿನ ಮೇಲೆ ನೀರು, ಅದರಾಚೆ ಏನೇನೂ ಇಲ್ಲ. ಮಾವ ಬ್ರೇಕ್ ಮೇಲೆ ಕಾಲಿಟ್ಟು "ಲೈಟೋ, ಲೈಟೋ" ಅಂದ್ರು. ನಾನು ಕೈ ಚಾಚಿ ಒತ್ತಿದೆ. ಫ್ಯಾನ್ ತಿರುಗಿತು. ಇನ್ನೊಂದು ಒತ್ತಿದೆ, ಕ್ಯಾಬಿನ್ ಲೈಟ್ ಹತ್ತಿ ಗಾಜಿನಲ್ಲಿ ನಮ್ಮಿಬ್ಬರ ಮುಖವೇ ಕಂಡಿತು. ಡಿಸೈನ್ ಮಾಡಿದೋನು ನಾನು, ಅಕ್ಷರ ಬರೆಸಿದೋನು ನಾನು, ಎಂಟು ಸ್ವಿಚ್ಚಿನಲ್ಲಿ ಒಂದು ಹುಡುಕೋಕೆ ನನಗೇ ಆಗಲಿಲ್ಲ. ಎದುರಿಂದ ಬಂದ ಬಸ್ಸಿನ ಬೆಳಕಲ್ಲಿ ಮಾವನೇ ಕಂಡುಕೊಂಡ್ರು. ಆ ಬೆಳಕಲ್ಲೇ ಗೊತ್ತಾಗಿದ್ದು, ನಮ್ಮ ಎಡಚಕ್ರ ಟಾರು ಬಿಟ್ಟು ಮಣ್ಣಿನ ಮೇಲಿತ್ತು.

ಗುಂಡ್ಯದಲ್ಲಿ ನಿಲ್ಲಿಸಿ ಟೀ ಕುಡಿದ್ವಿ. ಬಯ್ಯಲಿಲ್ಲ. ಅರ್ಧ ಟೀ ಆದ ಮೇಲೆ "ನೀನು ಬರ್ದಿರೋ ಅಕ್ಷರ ಚೆನ್ನಾಗೈತೆ ಕಣೋ. ನಾನು ಓದ್ಕಂಡು ಲಾರಿ ಓಡಿಸಕ್ಕಾಗಲ್ಲ" ಅಂದ್ರು. ಬಯ್ದಿದ್ರೇ ವಾಸಿಯಿತ್ತು.

ವಾಪಸ್ ಬಂದ ಮೇಲೆ ಓದೋಕೆ ಶುರು ಮಾಡಿದೆ (ಮೊದಲೇ ಓದಬೇಕಿತ್ತು, ಗೊತ್ತು). ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಬಿ-17 ಥರದ ವಿಮಾನಗಳು ಸರಿಯಾಗಿ ಇಳಿದು, ರನ್‌ವೇ ಮೇಲೆ ಓಡ್ತಾ ಇರುವಾಗ ಪೈಲಟ್‌ಗಳು ರೆಕ್ಕೆಯ ಫ್ಲಾಪ್ ಎತ್ತೋ ಬದಲು ಚಕ್ರಗಳನ್ನೇ ಮಡಚಿಬಿಡ್ತಿದ್ರಂತೆ. ವಿಮಾನ ಹೊಟ್ಟೆ ಮೇಲೆ. ಪೈಲಟ್ ತಪ್ಪು ಅಂತ ಬರೆದು ಮುಗಿಸ್ತಿದ್ರು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿನಲ್ಲಿ ಕೂತು ನೋಡಿದ. ಎರಡೂ ಹಿಡಿಗಳು ಅಕ್ಕಪಕ್ಕ, ನೋಡೋಕೂ ಮುಟ್ಟೋಕೂ ಒಂದೇ. ಚಕ್ರದ ಹಿಡಿಗೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲಾಪಿನ ಹಿಡಿಗೆ ಬೆಣೆ ಆಕಾರದ ತುಂಡು, ಇಷ್ಟೇ ಅವನ ಮದ್ದು. ಇವತ್ತಿಗೂ ವಿಮಾನಗಳಲ್ಲಿ ಆ ಹಿಡಿ ಪುಟ್ಟ ಚಕ್ರದ ಆಕಾರದಲ್ಲೇ ಇರುತ್ತೆ. ಆಮೇಲೆ 1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಅನ್ನೋರು ಇಂಥ 460 'ಪೈಲಟ್ ತಪ್ಪು'ಗಳನ್ನ ಕೂಡಿಹಾಕಿ ನೋಡಿದ್ರು. ಅದರಲ್ಲಿ ದೊಡ್ಡ ಪಾಲು, ಒಂದು ಅಂದ್ಕೊಂಡು ಇನ್ನೊಂದನ್ನ ಎಳೆದದ್ದು. ಇಷ್ಟು ಹಳೇ ಪಾಠ ಇದು. ನನ್ನ ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನನ್ನ ವಾದ ಇಷ್ಟು. ಹಳೇ ಲಾರಿಯ ಡ್ಯಾಶ್‌ಬೋರ್ಡು ನಮಗೆ ಅವ್ಯವಸ್ಥೆ ಥರ ಕಾಣೋದು, ನಾವು ಅದನ್ನ ಕಣ್ಣಲ್ಲಿ ನೋಡ್ತೀವಿ ಅಂತ. ಓಡಿಸೋನು ಅದನ್ನ ಕೈಯಲ್ಲಿ ಬಲ್ಲ. ಎಳೆಯೋದು, ತಿರುಗಿಸೋದು, ಕಾಲಲ್ಲಿ ಒತ್ತೋದು ಅಂತ ಒಂದಕ್ಕೊಂದು ಬೇರೆ ಇದ್ದದ್ದೇ ಅದರ ಗುಣ, ಎಂಟನ್ನೂ ಒಂದೇ ಅಚ್ಚಿಗೆ ಹಾಕಿ ನಾನು ಕೆಡಿಸಿದೆ. ನಮ್ಮ ಕೀಲಿಮಣೆಯನ್ನೇ ನೋಡಿ. ನುಡಿಯಲ್ಲಿ ಕೆ.ಪಿ. ರಾವ್ ವಿನ್ಯಾಸ ಕಲಿತ ಬ್ಲಾಗಿಗನಿಗೆ ಇನ್‌ಸ್ಕ್ರಿಪ್ಟ್ ಕೊಟ್ಟು "ಇದು ಹೆಚ್ಚು ಶಾಸ್ತ್ರೀಯ, ಬರಿ" ಅನ್ನಿ, ಎರಡು ಸಾಲಿಗೆ ಎದ್ದು ಹೋಗ್ತಾನೆ. ನಮಗಾದ್ರೆ ಬ್ಯಾಕ್‌ಸ್ಪೇಸ್ ಇದೆ.

ಹಾಗಂತ ಏನನ್ನೂ ಮುಟ್ಟಬಾರದು ಅಂತ ಅಲ್ಲ. ಗೆಳೆಯನೊಬ್ಬ ಕೇಳಿದ, "ಒಂದೊಂದು ಲಾರಿ ಒಂದೊಂದು ಥರ ಇದ್ರೆ ಬದಲಿ ಡ್ರೈವರ್ ಗತಿ ಏನು? ಎಲ್ಲ ಒಂದೇ ಥರ ಮಾಡೋದೇ ಸರಿ ಅಲ್ವಾ?" ಹೊಸ ಲಾರಿಗೆ ಸರಿ, ಒಪ್ತೀನಿ. ಕ್ಲಚ್ಚು ಬ್ರೇಕು ಎಲ್ಲ ಕಡೆ ಒಂದೇ ಜಾಗದಲ್ಲಿ ಇರೋದ್ರಿಂದಲೇ ಬದಲಿ ಡ್ರೈವರ್ ಅನ್ನೋನು ಇದ್ದಾನೆ. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರು, ವೈಪರು, ಹಾರ್ನು ಇಂಥವಕ್ಕೆ ಪರದೆ ಸಾಲದು, ಮುಟ್ಟಿ ತಿಳಿಯೋ ಸ್ವಿಚ್ಚು ಇದ್ರೇನೇ ಪೂರ್ತಿ ಅಂಕ ಅನ್ನೋಕೆ ಶುರು ಮಾಡಿದೆ. ಆದ್ರೆ ಒಬ್ಬನೇ ಡ್ರೈವರ್ ಮೂವತ್ತು ವರ್ಷ ಓಡಿಸಿರೋ ಲಾರಿಗೆ ಅವನ ಕೈಯೇ ಸ್ಟ್ಯಾಂಡರ್ಡು. ಅಪಾಯ ಇರೋದನ್ನ ಬೇರೆ ಮಾಡಿ, ಮಿಕ್ಕಿದ್ದನ್ನ ಬಿಟ್ಟುಬಿಡಿ. ಆ ಬೇರೆ ಮಾಡೋದನ್ನೂ ಅವನನ್ನ ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕೈ ಎಲ್ಲಿಗೆ ಹೋಗುತ್ತೆ ನೋಡಿ ಮಾಡಿ. ನಾನು ಮಾವನನ್ನ ಒಂದು ಮಾತೂ ಕೇಳಿರಲಿಲ್ಲ. ಅವರು ಕೊಟ್ಟಿಗೆ ಕೆಲಸದಲ್ಲಿದ್ದಾಗ ನಾನು ಟೇಪು ಹಿಡಿದು ಅಳತೆ ತಗೊಂಡಿದ್ದೆ.

ಎರಡನೇ ಸಲ ಹಾಗೇ ಮಾಡಿದ್ವಿ. ಕಣ್ಣು ಮುಚ್ಚಿ ಕೂತು "ವೈಪರ್", "ಲೈಟ್", "ಸ್ಟಾಪ್" ಅಂದಾಗ ಕೈ ಹೋದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಎಲ್ಲ ಹಳೇ ಜಾಗವೇ. ಹಳೇ ನಾಬುಗಳೇ ವಾಪಸ್ ಬಂದವು. ರಿಲೇ ಮತ್ತು ರಬ್ಬರ್ ಬುಶ್ ಮಾತ್ರ ಉಳಿಸಿಕೊಂಡ್ವಿ, ಹೆಡ್‌ಲೈಟ್ ಮೊದಲಿಗಿಂತ ಬೆಳ್ಳಗಿದೆ. ಸ್ಟಾಪ್ ನಾಬಿನ ಜಾಗವನ್ನೂ ಬದಲಾಯಿಸಲಿಲ್ಲ. ಹ್ಯಾಂಡ್ ಆಕ್ಸಲರೇಟರನ್ನೇ ಒಂದಡಿ ಆಚೆ ಸರಿಸಿದ್ವಿ, ಅದು ಬೆಳಗ್ಗೆ ಒಮ್ಮೆ ಬೇಕಾಗೋದು, ನಿಧಾನಕ್ಕೆ ಹುಡುಕಿದ್ರೂ ನಡೆಯುತ್ತೆ. ಸ್ಟಾಪಿಗೆ ಏನಾದ್ರೂ ಗುರುತು ಬೇಕಲ್ಲ ಅಂತ ನಾನು ಯೋಚಿಸ್ತಾ ಇದ್ದಾಗ ಕ್ಲೀನರ್ ಹುಡುಗ ಸೈಕಲ್ ಟ್ಯೂಬ್ ಕೊಯ್ದು ತಂದು ಗುಂಡಿಗೆ ದಪ್ಪಗೆ ಸುತ್ತಿದ. ಚಪಾನಿಸ್ ಹೆಸರು ಅವನು ಕೇಳಿಲ್ಲ. ಆ ಬದಲಿ ಡ್ರೈವರ್ ಈಗಲೂ ಬರ್ತಾನೆ, ಕತ್ತಲಲ್ಲಿ ಮುಟ್ಟಿದ್ರೆ ಹಲ್ಲಿ ಮುಟ್ಟಿದ ಹಾಗಾಗುತ್ತೆ ಅಂತ ಬಯ್ಕೊಳ್ತಾನೆ.

ನನ್ನ ಅಲ್ಯುಮಿನಿಯಂ ಪ್ಯಾನೆಲ್ಲು ಈಗ ಮಾವನ ಮನೆ ಜಗುಲಿ ಗೋಡೆ ಮೇಲಿದೆ. ಟಾಗಲ್ ಸ್ವಿಚ್ಚುಗಳಿಗೆ ಅತ್ತೆ ಬೀಗದ ಕೈ, ಟಾರ್ಚು, ಡೈರಿಯ ಪಾಸ್‌ಬುಕ್ಕು ನೇತು ಹಾಕಿದ್ದಾರೆ. 'ಹೆಡ್‌ಲೈಟ್' ಅಂತ ಬರೆದಿರೋ ಕಡೆ ಟಾರ್ಚಿದೆ, ಬೇಕಂತಲೇ ಹಾಕಿದ್ದೋ ಏನೋ, ಕೇಳೋ ಧೈರ್ಯ ಬಂದಿಲ್ಲ.