ಪಟಾಪಟಿ ಚಡ್ಡಿಯ ಜೇಬು

ನಮ್ಮ ತಾತ ಮೈಸೂರಿಗೆ ಹೊರಟರೆ ದುಡ್ಡು ಪಂಚೆಯೊಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ ಇರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಬಸ್ ಹತ್ತಿ, ಹುಣಸೂರು ದಾಟಿ, ಮೈಸೂರಲ್ಲಿ ಇಳಿಯೋತನಕ ಒಂದು ಕೈ ಅಲ್ಲೇ. ನಾವು ಮಕ್ಕಳು ನಗುತ್ತಿದ್ದೆವು. ಈಗ ನಗು ಬರಲ್ಲ.

ಹೊಗೆಸೊಪ್ಪಿನ ಹರಾಜಿನ ಹಣ ಈಗ ನೇರ ಖಾತೆಗೆ ಬೀಳುತ್ತೆ. ತೆಗೀಬೇಕು ಅಂದ್ರೆ ಕಾರ್ಡು. ನಮ್ಮ ಚಿಕ್ಕಪ್ಪ ಮಗಳ ಮದುವೆ ಜವಳಿಗೆ ಅಂತ ಮೈಸೂರಿಗೆ ಹೊರಟವರು, ದಾರಿಯಲ್ಲಿ ಒಂದು ಎಟಿಎಂ ಹೊಕ್ಕರು. ಕಾವಲಿಗೆ ಯಾರೂ ಇಲ್ಲ. ಹಿಂದೆ ನಿಂತಿದ್ದ ಹುಡುಗ, "ಯಜಮಾನ್ರೇ, ಹಂಗಲ್ಲ, ಕೊಡಿ ಇಲ್ಲಿ" ಅಂದ. ದುಡ್ಡೂ ಬಂತು, ಕಾರ್ಡೂ ವಾಪಸ್ ಬಂತು. ಬಣ್ಣ ಅದೇ, ಮೇಲಿದ್ದ ಹೆಸರು ಮಾತ್ರ ಯಾರದೋ!

ಅವತ್ತು ರಾತ್ರಿಯೇ ಖಾತೆಯಿಂದ ಹಣ ಹೋಯಿತು. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಚಿಕ್ಕಪ್ಪ ಬ್ಯಾಂಕಿನ ಮುಂದಿದ್ದರು. ಮೊದಲ ಮಾತು: "ಪಿನ್ ಯಾಕ್ರೀ ತೋರಿಸಿದ್ರಿ?" ಎರಡನೆಯದು: "ಸಹಾಯವಾಣಿಗೆ ಫೋನ್ ಮಾಡಿ." ಒಂದು ಒತ್ತಿ, ಎರಡು ಒತ್ತಿ ಅನ್ನೋದರಲ್ಲೇ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಮತ್ತೆ ಇಪ್ಪತ್ತು ಸಾವಿರ ಹೋಯಿತು.

ಪ್ರಯಾಣದಲ್ಲಿ ಹಣ ಕಾಪಾಡಿಕೊಳ್ಳೋದು ಹೇಗೆ ಅಂತ ಬರೆಯೋರೆಲ್ಲ ವಿಮಾನ ನಿಲ್ದಾಣದ ವೈಫೈ, ಹೋಟೆಲ್ ಲಾಕರ್ ಅಂತ ಬರೀತಾರೆ. ಕೆ.ಆರ್. ನಗರದಲ್ಲಿ ಭತ್ತ ಮಾರಿದವನು, ಎಚ್.ಡಿ. ಕೋಟೆಯಲ್ಲಿ ಹತ್ತಿ ಮಾರಿದವನು ಕೆಂಪು ಬಸ್ಸಲ್ಲಿ ಹೋಗೋದು ಪ್ರಯಾಣ ಅಲ್ವಾ? ಇವನಿಗೆ ಸಿಗೋದು ಒಂದೇ ಉಪದೇಶ, "ಹುಷಾರಾಗಿರಿ." ಕಾರ್ಡು ಕೊಟ್ಟವರು ನೀವು, ಕಾವಲಿಲ್ಲದ ಪೆಟ್ಟಿಗೆ ಇಟ್ಟವರು ನೀವು. ಹುಷಾರು ಮಾತ್ರ ನಮ್ಮದಾ?

ಹುಷಾರು ಬೇಡ ಅನ್ನಲ್ಲ. ಊರು ಬಿಡುವಾಗ ಕಾರ್ಡಿರುವ ಖಾತೆಯಲ್ಲಿ ಖರ್ಚಿಗೆ ಬೇಕಾದಷ್ಟೇ ಇಡಿ. ಬೆಳೆ ಹಣ ಬೇರೆ ಖಾತೆಯಲ್ಲಿರಲಿ. ದಿನದ ಮಿತಿ ಇಳಿಸಿಕೊಳ್ಳಿ. ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ. ವಾಪಸ್ ಬಂದ ಕಾರ್ಡಿನ ಹೆಸರು ಓದಿ. ಹಣ ಹೋಯಿತು ಅಂದ ತಕ್ಷಣ ಕಾರ್ಡು ನಿಲ್ಲಿಸಿ, 1930ಕ್ಕೆ ಫೋನ್ ಮಾಡಿ.

ಆದರೆ ಬ್ಯಾಂಕಿನವರು ಹೇಳದ ಮಾತೊಂದಿದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲೇ ಬರೆದಿತ್ತು: ತಪ್ಪು ಗ್ರಾಹಕನದು ಅಂತ ಸಾಬೀತು ಮಾಡಬೇಕಾದ್ದು ಬ್ಯಾಂಕು. ಪಿನ್ ತೋರಿಸಿದ್ದು ನಮ್ಮ ತಪ್ಪೇ ಅಂದುಕೊಳ್ಳಿ. ಆದರೂ ದೂರು ಕೊಟ್ಟ ಮೇಲೆ ಹೋದ ಹಣ ಬ್ಯಾಂಕಿನ ನಷ್ಟ. ದೂರು ಬಂದ ದಿನ, ಗಂಟೆ ಬರೆದುಕೊಳ್ಳಬೇಕು, ದೂರಿನ ಸಂಖ್ಯೆ ಕೊಡಬೇಕು ಅಂತಲೂ ಅದರಲ್ಲಿದೆ. ಚಿಕ್ಕಪ್ಪನಿಗೆ ಯಾರೂ ಕೊಡಲಿಲ್ಲ.

ಅದಕ್ಕೇ ಹೇಳೋದು, ಬಾಯಲ್ಲಿ ಹೇಳಿ ಬರಬೇಡಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಎರಡು ಪ್ರತಿ ಬರೆಯಿರಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ಗಂಟೆ ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಅಲ್ಲೇ ಕೂತ್ಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಕಾಸು ಕೊಡಬೇಕಿಲ್ಲ.

ರಾತ್ರಿ ಹೋದ ಹಣದ ಆಸೆ ಚಿಕ್ಕಪ್ಪ ಬಿಟ್ಟಿದ್ದಾರೆ. ಮಧ್ಯಾಹ್ನದ ಇಪ್ಪತ್ತು ಸಾವಿರಕ್ಕೆ ನಾನಿನ್ನೂ ಬಡಿದಾಡ್ತಿದ್ದೀನಿ. "ಬೆಳಗ್ಗೆ ಬಂದಿದ್ರು ಅನ್ನೋಕೆ ಏನ್ರೀ ದಾಖಲೆ?" ಅಂತಾರೆ. ಅವತ್ತು ಅವರನ್ನ ಅಲ್ಲೇ ನಿಲ್ಲಿಸಿ ಬೈದವರೇ ಇವತ್ತು ಹೀಗೆ ಕೇಳೋದು.