ಬಚ್ಚಲ ನೀರು ಯಾರದು?

ನಮ್ಮ ಹಳ್ಳಿಗಳಲ್ಲಿ ಬಚ್ಚಲ ನೀರು ತಲೆನೋವಾದದ್ದು ಇತ್ತೀಚೆಗೆ. ಬಾವಿಯಿಂದ ಸೇದಿ ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ನೀರು ಚೆಲ್ಲಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ; ಬಳಸಿ ಮಿಕ್ಕದ್ದು ಹಿತ್ತಲ ಬಾಳೆಗೋ ಕೆಸುವಿನ ಪಾತಿಗೋ ಹೋಗುತ್ತಿತ್ತು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಗೇ ತರುವ ಗುರಿ ಇಟ್ಟುಕೊಂಡಿತು. ಒಳ್ಳೆಯದೇ. ಆದರೆ ಬಂದ ನೀರಿನ ಮುಕ್ಕಾಲು ಪಾಲು ಕೊಳೆಯಾಗಿ ಹೊರಬೀಳುತ್ತದಲ್ಲ! ಸಾವಿರ ಜನರ ಊರಿನಲ್ಲಿ ಅದು ದಿನಕ್ಕೆ ಸುಮಾರು 40 ಸಾವಿರ ಲೀಟರ್, ಅಂದರೆ ಎಂಟು ಟ್ಯಾಂಕರ್.

ಇದಕ್ಕೆ ಪಂಚಾಯಿತಿ ಸಾಮಾನ್ಯವಾಗಿ ಕೊಡುವ ಉತ್ತರ ಕಾಂಕ್ರೀಟ್ ಚರಂಡಿ. ಚರಂಡಿ ನೀರನ್ನು ಶುದ್ಧ ಮಾಡುವುದಿಲ್ಲ, ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ದಾಟಿಸುತ್ತದೆ ಅಷ್ಟೇ. ತಗ್ಗಿನಲ್ಲಿ ಕೆರೆಯಿರುತ್ತದೆ, ಇಲ್ಲವೇ ಊರಾಚೆ ಇಟ್ಟ ಕೇರಿ. ಮೇಲಿನ ಬೀದಿಯ ಸೋಪಿನ ನೊರೆ ಕೆಳಗಿನ ಕೇರಿಯ ಸೊಳ್ಳೆಯಾಗುವುದನ್ನು ಬರೀ ಇಳಿಜಾರಿನ ಲೆಕ್ಕವೆನ್ನಲು ನನಗೆ ಮನಸ್ಸೊಪ್ಪದು.

ಹಾಗಾಗಿ ನೀರು ಕೊಳೆಯಾದ ಜಾಗದಲ್ಲೇ ಅದನ್ನು ಇಂಗಿಸಬೇಕು ಎಂಬುದು ನನ್ನ ವಾದ. ಮನೆಯ ಹಿಂದೊಂದು ಬಚ್ಚಲು ಗುಂಡಿ, ಅದರೊಳಗೆ ಕಲ್ಲು, ಮುಂದೊಂದು ಸಣ್ಣ ತೊಟ್ಟಿ. ಕೂದಲು, ಅಗುಳು, ಜಿಡ್ಡು ತೊಟ್ಟಿಯಲ್ಲೇ ನಿಲ್ಲುತ್ತವೆ. ಉಳಿದ ಕೊಳೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಉದ್ಯೋಗ ಖಾತರಿಯಲ್ಲಿ ಇಂಥ ಗುಂಡಿಗಳನ್ನು ತೆಗೆಸಿದ್ದೂ ಉಂಟು. ಪಾಯಿಖಾನೆಯ ನೀರಿನ ಹಾದಿ ಮಾತ್ರ ಬೇರೆಯೇ ಇರಬೇಕು. ಅದಕ್ಕೆ ಜೋಡಿ ಗುಂಡಿ: ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ, ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ಬೇರೆ ಬೇರೆ ಇದ್ದಾಗ ಎರಡೂ ನೀರು ಸಾಧುವೇ. ಪಾಯಿಖಾನೆಯ ಪೈಪನ್ನು ಗುಟ್ಟಾಗಿ ಚರಂಡಿಗೆ ಜೋಡಿಸಿದ ದಿನ ಇಡೀ ಬೀದಿಯ ನೀರು ಕೆಡುತ್ತದೆ.

ಇದು ಎಲ್ಲ ಊರಿಗೂ ಹೊಂದುವುದಿಲ್ಲ, ನಿಜ. ಗದಗ, ವಿಜಯಪುರದ ಎರೆಮಣ್ಣು ನೆನೆದರೆ ಉಬ್ಬಿಕೊಳ್ಳುತ್ತದೆ, ನೀರನ್ನು ಸುಲಭವಾಗಿ ಇಳಿಯಬಿಡುವುದಿಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಬಾವಿಯೇ ಅಂಚಿನವರೆಗೆ ತುಂಬಿರುವಾಗ ಪಕ್ಕದಲ್ಲಿ ಕೊಳೆ ಇಂಗಿಸುವುದು ಅಪಾಯ. ಇನ್ನು ಇಪ್ಪತ್ತು ಮೂವತ್ತರ ಸೈಟಿನ ಆಶ್ರಯ ಮನೆಗೆ ಹಿತ್ತಲೇ ಇಲ್ಲ. ಇಲ್ಲೆಲ್ಲ ಚರಂಡಿ ಬೇಕೇ ಬೇಕು, ಆದರೆ ಅದರ ತುದಿಯಲ್ಲಿ ಕೊಳಗಳೂ ಇರಬೇಕು. ಮೊದಲ ಕೊಳದಲ್ಲಿ ಮಡ್ಡಿ ಕೂರುತ್ತದೆ. ಮುಂದಿನದರಲ್ಲಿ ಬಿಸಿಲು ಕುಡಿದ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ಅದರ ಬಲದಿಂದ ಬ್ಯಾಕ್ಟೀರಿಯಾ ಕೊಳೆಯನ್ನು ಜೀರ್ಣಿಸುತ್ತವೆ. ಕರೆಂಟು ಬೇಡ, ಆಪರೇಟರ್ ಬೇಡ, ಆಗಾಗ ಹೂಳೆತ್ತಿದರೆ ಸಾಕು. ಬೇಕಾಗಿರುವುದು ಜಾಗ. ಸಮುದಾಯ ಭವನಕ್ಕೆ ಸಿಗುವ ಗೋಮಾಳ ಇದಕ್ಕೆ ಮಾತ್ರ ಸಿಗುವುದಿಲ್ಲ!

ಬೆಂಗಳೂರು ಬಳಸಿಬಿಟ್ಟ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಸಂಸ್ಕರಣೆಗೊಂಡು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ಸಂಸ್ಕರಣೆ ಸಾಲದೆಂಬ ತಕರಾರು ಬೇರೆ ವಿಷಯ. ನಗರದ ಕೊಳೆನೀರನ್ನು ಅಷ್ಟು ದೂರ ಪಂಪು ಮಾಡಬಹುದಾದರೆ, ಹಳ್ಳಿಯ ನೀರನ್ನು ಐವತ್ತು ಹೆಜ್ಜೆ ದೂರದ ತೆಂಗಿನ ಬುಡಕ್ಕೆ ಮುಟ್ಟಿಸಲು ಏನು ಅಡ್ಡಿ?

ಅಡ್ಡಿ ಆ ಸಣ್ಣ ತೊಟ್ಟಿಯಲ್ಲಿದೆ ಎಂದು ನನ್ನ ಗುಮಾನಿ. ಅದನ್ನು ಆಗಾಗ ಖಾಲಿ ಮಾಡುತ್ತಿರಬೇಕು. ಚರಂಡಿಯ ಹೂಳೆತ್ತಲು ಕೆಳಗಿನ ಕೇರಿಯಿಂದ ಆಳು ಕರೆಸುವ ಮನೆಯವರು, ತಮ್ಮ ತೊಟ್ಟಿಗೆ ತಾವೇ ಕೈ ಹಾಕಬೇಕಾಗುತ್ತದೆ.